ಆಕ್ಸಿಜನ್ ಯಾರಿಗೂ ಚಟವಲ್ಲ

ವಿಮೆ ಇರುವುದು ಆಸ್ಪತ್ರೆ ಖರ್ಚಿಗೆ; ಮನೆಯಲ್ಲಿ ಬಳಸುವ ಉಸಿರಾಟದ ಯಂತ್ರಕ್ಕೂ ಹಣ ಕೊಟ್ಟರೆ ದುರ್ಬಳಕೆ ಹೆಚ್ಚಿ ಎಲ್ಲರ ಪ್ರೀಮಿಯಂ ಏರುತ್ತದೆ, ಅಲ್ಲದೆ ಮನೆ ಚಿಕಿತ್ಸೆಗೆ ಪಾಲಿಸಿಗಳಲ್ಲಿ ಈಗಾಗಲೇ ಅವಕಾಶವಿದೆ ಎಂಬುದು ಪ್ರಕಟವಾದ ಲೇಖನವೊಂದರ ವಾದ.

ಕೊನೆಯ ಮಾತನ್ನೇ ಮೊದಲು ನೋಡೋಣ. ಆ ಅವಕಾಶ, ಆಸ್ಪತ್ರೆಗೆ ಸೇರಲೇಬೇಕಾದ ರೋಗಿಯನ್ನು ಸಾಗಿಸಲಾಗದಿದ್ದಾಗ ಅಥವಾ ಹಾಸಿಗೆ ಸಿಗದಿದ್ದಾಗ ಮಾತ್ರ; ಅದೂ ಸಾಮಾನ್ಯವಾಗಿ ಚಿಕಿತ್ಸೆ 3 ದಿನ ಮೀರಿದರೆ. ಹಲವು ಪಾಲಿಸಿಗಳು ಅಸ್ತಮಾ, ಬ್ರಾಂಕೈಟಿಸ್‌ಗಳನ್ನು ಅಲ್ಲಿಂದಲೂ ಹೊರಗಿಟ್ಟಿವೆ. ಮನೆಯಲ್ಲಿ ಯಂತ್ರ ಬೇಕಾಗುವುದೇ ಇಂಥವರಿಗೆ!

ವಿಮಾ ನಿಯಂತ್ರಣ ಪ್ರಾಧಿಕಾರದ ‘ಹಣ ಸಿಗದ ವಸ್ತು’ಗಳ ಪಟ್ಟಿಯಲ್ಲಿ ನೆಬ್ಯುಲೈಜರ್ ಕಿಟ್ ಇದೆ, ಆಸ್ಪತ್ರೆಯ ಹೊರಗೆ ಬಳಸುವ ಆಕ್ಸಿಜನ್ ಸಿಲಿಂಡರ್ ಕೂಡ ಇದೆ. ಬೆಳಗಾವಿಯ ವಾರ್ಡಿನಲ್ಲಿ ಕ್ಲೇಮ್ ಆಗುವ ಅದೇ ಆಕ್ಸಿಜನ್, ಖಾನಾಪುರದ ಮನೆ ಸೇರಿದೊಡನೆ ಕಿಸೆಯ ಖರ್ಚು. ಅದು ಕೈಗೆಟುಕದಿದ್ದರೆ ಏದುಸಿರು ಹತ್ತಿದಾಗ ಮತ್ತೆ ಅಡ್ಮಿಟ್. ಆ ದೊಡ್ಡ ಬಿಲ್ಲನ್ನು ಕಟ್ಟುವುದು ವಿಮಾ ಕಂಪನಿಯೇ. ಹಾಗಾದರೆ ಪ್ರೀಮಿಯಂ ಏರಿಸುವುದು ಯಾವುದು?

ಇನ್ನು ದುರ್ಬಳಕೆ. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ದಿನಕ್ಕೆ 15 ತಾಸು ಕೂಡುವ ಶೋಕಿ ಯಾರಿಗಿದೆ? ರಕ್ತದ ಆಕ್ಸಿಜನ್ ಅಳೆದೇ ವೈದ್ಯರು ಇದನ್ನು ಬರೆಯುತ್ತಾರೆ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್ ಯೋಜನೆ ಆಕ್ಸಿಜನ್ ಕಾನ್ಸಂಟ್ರೇಟರ್, ಸಿಪ್ಯಾಪ್ ಯಂತ್ರಗಳಿಗೆ ಮಿತಿ ಹಾಕಿ ಹಣ ಕೊಡುತ್ತದೆ. ಉಳಿದವರಿಗೂ ಹಾಗೇ ಮಾಡಲಿ: ಬಾಡಿಗೆಗೊಂದು ಮಿತಿ, ತಜ್ಞರ ಚೀಟಿ, ಆಗಾಗ ಮರುಪರೀಕ್ಷೆ. ಪ್ರೀಮಿಯಂ ತುಸು ಏರೀತು, ಒಪ್ಪುತ್ತೇನೆ. ಆದರೆ ಲೇಖಕರು ಲೆಕ್ಕ ಹಾಕುವಾಗ ಯಂತ್ರದ ಬೆಲೆಯನ್ನಷ್ಟೇ ಹಿಡಿದು, ತಪ್ಪುವ ಅಡ್ಮಿಷನ್‌ಗಳನ್ನು ಕೈಬಿಟ್ಟಿದ್ದಾರೆ.