ಆ ತಾಯಿಯ ಜೊತೆ ಠಾಣೆಗೆ ನೀವೂ ಹೋಗಿ

2025ರ ನವೆಂಬರ್‌ನಲ್ಲಿ ನಿಠಾರಿಯ ಹೆತ್ತವರ ಪಾಲಿಗೆ ನ್ಯಾಯಾಲಯದ ಕೊನೆಯ ಬಾಗಿಲೂ ಮುಚ್ಚಿತು. ದೆಹಲಿಗೆ ಅಂಟಿಕೊಂಡಿರುವ ನೊಯಿಡಾದ ಆ ಹಳ್ಳಿಯಿಂದ 2005 ಮತ್ತು 2006ರಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಕಾಣೆಯಾಗಿದ್ದರು. 2006ರ ಡಿಸೆಂಬರ್ 29ರಂದು ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಎಲುಬುಗಳು ಸಿಕ್ಕವು. ಮನೆಯ ಯಜಮಾನನನ್ನೂ ಮನೆಗೆಲಸದವನನ್ನೂ ಬಂಧಿಸಿದರು, ವಿಚಾರಣಾ ನ್ಯಾಯಾಲಯ ಗಲ್ಲು ಶಿಕ್ಷೆ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಒಂದನ್ನು ಬಿಟ್ಟು ಉಳಿದಿದ್ದ ಮೊಕದ್ದಮೆಗಳಲ್ಲೆಲ್ಲ ಅವರನ್ನು ಖುಲಾಸೆ ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ನವೆಂಬರ್‌ನಲ್ಲಿ ಆ ಒಂದೂ ಬಿದ್ದುಹೋಯಿತು. ಹಾಗಾದರೆ ಆ ಮಕ್ಕಳನ್ನು ಕೊಂದವರು ಯಾರು? ಎರಡು ದಶಕ ಕೋರ್ಟು ಕಚೇರಿ ಅಲೆದ ಅಪ್ಪ ಅಮ್ಮಂದಿರಿಗೆ ಇದಕ್ಕೆ ಉತ್ತರ ಕೊಡುವವರು ಇವತ್ತು ಯಾರೂ ಇಲ್ಲ.

ಆ ತೀರ್ಪುಗಳ ಮೇಲೆ ನನಗೆ ತಕರಾರಿಲ್ಲ. ಅರವತ್ತು ದಿನ ಪೊಲೀಸ್ ವಶದಲ್ಲಿಟ್ಟು, ವೈದ್ಯರ ತಪಾಸಣೆಯಿಲ್ಲದೆ ಪಡೆದ ತಪ್ಪೊಪ್ಪಿಗೆಯನ್ನು ಒಪ್ಪಲಾಗದು ಎಂದಿತು ಹೈಕೋರ್ಟ್. ತನಿಖೆ ನಡೆದ ರೀತಿಯನ್ನು ಜನರ ನಂಬಿಕೆಗೆ ಮಾಡಿದ ದ್ರೋಹವೆಂದೇ ಕರೆಯಿತು. ನನ್ನನ್ನು ಕಾಡುತ್ತಿರುವುದು ಬಂಧನಕ್ಕಿಂತ ಹಿಂದಿನ ದಿನಗಳು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಮನೆಗೆಲಸ, ಕೂಲಿ ಮಾಡಿಕೊಂಡಿದ್ದ ಆ ಜನ ತಮ್ಮ ಮಗು ಕಾಣುತ್ತಿಲ್ಲ ಎಂದು ಠಾಣೆಗೆ ಹೋದಾಗ ಪೊಲೀಸರು ಎಲ್ಲೋ ಓಡಿಹೋಗಿರಬೇಕು ಎಂದು ಸಾಗಹಾಕಿದರು. ಹೋದವರು ಒಬ್ಬೊಬ್ಬರೇ ಹೋದರು, ಒಬ್ಬೊಬ್ಬರೇ ತಿರುಗಿ ಬಂದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಸುತ್ತಲಿನ ಸೆಕ್ಟರುಗಳಲ್ಲಿ ಓದು ಬರಹ ಬಲ್ಲವರ, ಅಧಿಕಾರಿಗಳ ಪರಿಚಯವಿದ್ದವರ ಮನೆಗಳು ಬೇಕಾದಷ್ಟಿದ್ದವು. ಅಂಥ ಒಂದು ಮನೆಯವರು ಪಾತ್ರೆ ತೊಳೆಯಲು ಬರುತ್ತಿದ್ದವಳ ಜೊತೆ ಠಾಣೆಯ ಮೆಟ್ಟಿಲು ಹತ್ತಿ, ದೂರು ಬರೆದುಕೊಳ್ಳುವವರೆಗೂ ಕದಲದೆ ಕೂತಿದ್ದರೆ? ಮೊದಲ ವಾರದಲ್ಲಿ ಕೈಗೆ ಸಿಗುವ ಸಾಕ್ಷ್ಯ ಎರಡು ವರ್ಷದ ನಂತರ ಚರಂಡಿ ಅಗೆದರೆ ಸಿಗುವುದಿಲ್ಲ.

ನಿಮ್ಮಲ್ಲಿ ನನ್ನ ಮನವಿ ಇದೇ. ನಿಮ್ಮ ಬೀದಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ, ನಿಮ್ಮ ತೋಟದ ಸಾಲುಮನೆಯಲ್ಲಿ ಒಂದು ಮಗು ಕಾಣೆಯಾದರೆ ಆ ತಾಯಿಯನ್ನು ಒಬ್ಬಳೇ ಠಾಣೆಗೆ ಕಳುಹಿಸಬೇಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದವರಿಗೆ ತಮ್ಮ ಶೆಡ್ಡು ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆಂದೂ ತಿಳಿದಿರುವುದಿಲ್ಲ. ಬಂಗಾಳ, ಒಡಿಶಾದಿಂದ ಬಂದವರಿಗೆ ಠಾಣೆಯಲ್ಲಾಡುವ ಭಾಷೆಯೇ ಬಾರದು. ನೀವು ಪಕ್ಕದಲ್ಲಿ ನಿಂತರೆ ಸಾಕು, ಮೇಜಿನ ಆಚೆಯ ಮಾತಿನ ಧಾಟಿ ಬದಲಾಗುತ್ತದೆ. ಹಾಗೆ ಬದಲಾಗಬೇಕಾಗಿರುವುದೇ ಅನ್ಯಾಯ, ನಿಜ. ಆದರೆ ಆ ಅನ್ಯಾಯ ಸರಿಹೋಗುವವರೆಗೆ ಮಗು ಕಾಯಲಾರದು.

ಹೋಗುವ ಮೊದಲು ಕೆಲವು ಸಂಗತಿ ತಿಳಿದಿರಲಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. 2013ರ ಮೇ ತಿಂಗಳಲ್ಲಿ, ಬಚಪನ್ ಬಚಾವೋ ಆಂದೋಲನ ಸಂಸ್ಥೆ ಸಲ್ಲಿಸಿದ್ದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಅಲ್ತಮಸ್ ಕಬೀರ್ ಅವರಿದ್ದ ಪೀಠ ಸ್ಪಷ್ಟವಾಗಿ ಆದೇಶಿಸಿದೆ: ಹದಿನೆಂಟು ತುಂಬದವರು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು. ಬೇರೇನೋ ಕಾರಣವಿದೆ ಎಂದು ತನಿಖೆಯಲ್ಲಿ ಗೊತ್ತಾಗುವವರೆಗೆ ಅದನ್ನು ಅಪಹರಣ ಅಥವಾ ಮಾನವ ಸಾಗಣೆ ಎಂದೇ ಭಾವಿಸಬೇಕು. ಠಾಣೆಯಲ್ಲಿ ಮಕ್ಕಳ ವಿಷಯಕ್ಕೆಂದೇ ಗೊತ್ತುಮಾಡಿದ ಅಧಿಕಾರಿ ಇರುತ್ತಾರೆ, ಅವರನ್ನೇ ಕೇಳಿ. ನಮ್ಮ ವ್ಯಾಪ್ತಿಯಲ್ಲ ಎಂದು ಹೇಳಿದರೆ, ವ್ಯಾಪ್ತಿ ನೋಡದೆ ದಾಖಲಿಸುವ ಝೀರೋ ಎಫ್‌ಐಆರ್ ಮಾಡಿ ಎನ್ನಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದಕ್ಕೆ ದಾರಿ ಮಾಡಿದೆ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ ಹೇಳಿದೆ. ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟು ಕಳಿಸಿದರೆ ಎದ್ದು ಬರಬೇಡಿ, ಹಿಂಬರಹ ಎಫ್‌ಐಆರ್ ಅಲ್ಲ. ಅಷ್ಟಾದರೂ ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ, ತುರ್ತು ಸಂಖ್ಯೆ 112ಕ್ಕೆ ಹಗಲು ರಾತ್ರಿ ಎನ್ನದೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಹುಡುಗಿ ಹದಿನಾರು ಹದಿನೇಳರವಳಾದರೆ ಇನ್ನೂ ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ. ಯಾರ ಜೊತೆಗೋ ಹೋಗಿರಬೇಕು ಎಂಬ ಮಾತು ಠಾಣೆಗಿಂತ ಮೊದಲು ಬೀದಿಯಲ್ಲಿ ಹುಟ್ಟುತ್ತದೆ. 2022ರಲ್ಲಿ ದೇಶದಲ್ಲಿ ಕಾಣೆಯಾದರೆಂದು ದಾಖಲಾದ 83,350 ಮಕ್ಕಳಲ್ಲಿ 62,946 ಮಂದಿ ಹುಡುಗಿಯರು. ಅವಳು ತಾನಾಗಿಯೇ ಹೊರಟಿದ್ದರೂ ಕಾನೂನಿನ ಕಣ್ಣಿಗೆ ಮಗುವೇ. ಪ್ರೀತಿ, ಕೆಲಸ, ಸಿನಿಮಾ ಎಂದು ನಂಬಿಸಿ ಕರೆದೊಯ್ಯುವವರಿಗೆ ಆ ಊರಮಾತಿನಷ್ಟು ಅನುಕೂಲ ಬೇರೆ ಯಾವುದೂ ಇಲ್ಲ. ಮರ್ಯಾದೆಗೆ ಅಂಜಿ ಅಪ್ಪ ಅಮ್ಮ ದೂರು ಕೊಡಲು ಹಿಂಜರಿಯುವಷ್ಟರಲ್ಲಿ ಅವಳು ಎರಡು ರಾಜ್ಯ ದಾಟಿರುತ್ತಾಳೆ. ಆ ಮಾತು ನಿಮ್ಮ ಕಟ್ಟೆಯ ಮೇಲೆ ಹುಟ್ಟಿದರೆ ಅಲ್ಲಿಯೇ ತಡೆಯಿರಿ.

ಅಂಗಡಿ ಇಟ್ಟುಕೊಂಡವರಲ್ಲಿ ಬೇರೆಯೇ ಕೋರಿಕೆ. ನಿಮ್ಮ ಸಿಸಿಟಿವಿ ಪೆಟ್ಟಿಗೆಯಲ್ಲಿನ ದೃಶ್ಯ ಕೆಲವೇ ವಾರದಲ್ಲಿ ತಾನಾಗಿ ಅಳಿಸಿಹೋಗಿ ಅದರ ಮೇಲೆ ಹೊಸದು ಬಂದು ಕೂರುತ್ತದೆ. ಮಗು ಕಾಣೆಯಾದ ಸುದ್ದಿ ಕಿವಿಗೆ ಬಿದ್ದ ದಿನವೇ, ಪೊಲೀಸರು ಬಂದು ಕೇಳಲೆಂದು ಕಾಯದೆ, ಆ ಹೊತ್ತಿನ ದೃಶ್ಯವನ್ನು ಬೇರೆ ಕಡೆ ಉಳಿಸಿಡಿ. ನಿಮಗೆ ಅದರಲ್ಲಿ ಏನೂ ಕಾಣದಿರಬಹುದು, ಹುಡುಕುವವರಿಗೆ ಕಂಡೀತು. ಹಾಗೆಯೇ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮಗುವೊಂದು ಒಂಟಿಯಾಗಿ ದಿಕ್ಕುತೋಚದೆ ಕೂತಿದ್ದರೆ ಕೈಗೆ ಹತ್ತು ರೂಪಾಯಿ ಕೊಟ್ಟು ಮುಂದೆ ಹೋಗಬೇಡಿ. 1098ಕ್ಕೆ ಕರೆ ಮಾಡಿ, ಅವರು ಬರುವವರೆಗೆ ಹತ್ತಿರವೇ ಇರಿ.

ಇದನ್ನೆಲ್ಲ ಹೇಳುವಾಗ ನನಗೊಂದು ಭಯವೂ ಇದೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಸ್ನೇಹಿತರ ಜೊತೆ ಬಂದಿದ್ದ ಎಂಜಿನಿಯರ್ ಒಬ್ಬರ ಜೀವ ತೆಗೆದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲವಾಗಿತ್ತು. ಇಲ್ಲದ ಕಳ್ಳನಿಗಾಗಿ ನೂರಾರು ಜನ ಕ್ಷಣದಲ್ಲಿ ಸೇರಿದರು. ನಿಜವಾಗಿ ಕಾಣೆಯಾದ ಮಗುವಿನ ಮನೆಯ ಮುಂದೆ ಅಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಕಾಣೆಯಾದ ಮಗುವಿನ ಫೋಟೊ ಹಂಚುವಾಗ ಠಾಣೆಯ ಹೆಸರು, ದೂರಿನ ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಹಂಚಬೇಡಿ. ಮಗು ಸಿಕ್ಕಿದೆ ಎಂದು ಗೊತ್ತಾದ ಕೂಡಲೇ ಅಳಿಸಿ, ಅಳಿಸಲು ಹೇಳಿ. ಮನೆಗೆ ಮರಳಿದ ಮಗು ಜೀವನವಿಡೀ ಆ ಫೋಟೊದ ಜೊತೆ ಬದುಕಬೇಕಾಗಬಾರದು.

ಇನ್ನು ಸಿಗದೇ ಹೋದ ಮಕ್ಕಳ ಮನೆಗಳು. ಮೊದಲ ತಿಂಗಳು ಎಲ್ಲರೂ ಬರುತ್ತಾರೆ. ಆಮೇಲೆ ಜನರಿಗೆ ಏನು ಮಾತಾಡಬೇಕೋ ತೋಚುವುದಿಲ್ಲ, ಬರುವುದನ್ನೇ ನಿಲ್ಲಿಸುತ್ತಾರೆ. ಸತ್ತವರಿಗೆ ಹನ್ನೊಂದನೆಯ ದಿನವಿದೆ, ತಿಥಿಯಿದೆ, ಎಡೆಯಿದೆ. ಕಾಣೆಯಾದ ಮಗುವಿಗೆ ಯಾವುದೂ ಇಲ್ಲ. ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದೇ, ಬಿಡುವುದೇ? ಮನೆ ಬದಲಾಯಿಸಿದರೆ ಮಗು ದಾರಿ ಹುಡುಕಿಕೊಂಡು ಎಲ್ಲಿಗೆ ಬಂದೀತು? ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಿರಬೇಕೆಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಆದರೆ ಯಾವ ತಾಯಿ ಕೋರ್ಟಿಗೆ ಹೋಗಿ ಅದನ್ನು ಹೇಳಿಯಾಳು? ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳ ನಡುವೆ ಅಧ್ಯಯನ ಮಾಡಿದವರು. ಅಂಥ ದುಃಖ ಮುಗಿಯದಿರುವುದು ಮನಸ್ಸಿನ ದೌರ್ಬಲ್ಯವಲ್ಲ, ಮುಗಿಯಲು ಬೇಕಾದ ಖಚಿತತೆಯೇ ಅಲ್ಲಿ ಇರುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ಹಾಗಾಗಿ, ಇಷ್ಟು ವರ್ಷವಾಯಿತಲ್ಲ, ಮರೆತುಬಿಡಿ ಎಂದು ಅವರಿಗೆ ಹೇಳಬೇಡಿ. ನಿನ್ನ ಕಣ್ಣು ಎಲ್ಲಿತ್ತು ಎಂದು ಆ ತಾಯಿಯನ್ನು ಯಾವತ್ತೂ ಕೇಳಬೇಡಿ. ಅವಳು ಅದನ್ನು ನಿಮಗಿಂತ ಹೆಚ್ಚು ಸಲ ಕೇಳಿಕೊಂಡಿದ್ದಾಳೆ. ಮನೆಯಲ್ಲಿ ಉಳಿದ ಮಕ್ಕಳಿದ್ದರೆ ಅವರನ್ನು ಹಬ್ಬಕ್ಕೆ ಕರೆಯಿರಿ, ಪ್ರವಾಸಕ್ಕೆ ಕರೆದೊಯ್ಯಿರಿ. ಅಣ್ಣನೋ ತಂಗಿಯೋ ಕಾಣೆಯಾದ ಮೇಲೆ ಆ ಮಕ್ಕಳಿಗೆ ಅಂಗಳ ದಾಟುವುದೂ ಕಷ್ಟವಾಗಿರುತ್ತದೆ.

ಕಾಣೆಯಾದ ಮಗುವಿನ ಕಡತವನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಆಗ ಎಫ್‌ಐಆರ್ ಆಗಿತ್ತೇ, ಬರೀ ಹಿಂಬರಹ ಕೊಟ್ಟಿದ್ದರೇ? ಎಫ್‌ಐಆರ್ ಇಲ್ಲದೆ ಉಳಿದಿದ್ದ ಹಳೆಯ ಪ್ರಕರಣಗಳಲ್ಲೂ ಅದನ್ನು ದಾಖಲಿಸಬೇಕೆಂದು 2013ರ ಆದೇಶವೇ ಹೇಳಿದೆ. ನಾಲ್ಕು ತಿಂಗಳೊಳಗೆ ಮಗು ಪತ್ತೆಯಾಗದಿದ್ದರೆ ತನಿಖೆಯನ್ನು ಮಾನವ ಸಾಗಣೆ ತಡೆ ಘಟಕಕ್ಕೆ ಒಪ್ಪಿಸಬೇಕೆಂದು 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲಿದೆ. ಒಪ್ಪಿಸಿದ್ದಾರೆಯೇ? ಫೋಟೊ, ಗುರುತಿನ ಮಚ್ಚೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಜಾಲತಾಣಕ್ಕೆ ಏರಿವೆಯೇ? ಮಗುವಿಗೆ ಆಧಾರ್ ಆಗಿತ್ತೇ? ಬಾಲಮಂದಿರಗಳಲ್ಲಿ ಬೆಳೆದ ಮಕ್ಕಳ ಹೊಸ ಆಧಾರ್ ಅರ್ಜಿ, ಬೆರಳಚ್ಚು ಹಿಂದೆಯೇ ಇದೆ ಎಂಬ ಕಾರಣಕ್ಕೆ ತಿರಸ್ಕೃತವಾಗಿ, ಅದರಿಂದಲೇ ಹೆತ್ತವರು ಸಿಕ್ಕಿದ್ದುಂಟು. ಈ ಪ್ರಶ್ನೆಗಳನ್ನು ಕೇಳಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋಗಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯವರು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಆ ಮಗುವಿನ ಹೆಸರು ಹೇಳಿ, ಈ ವರ್ಷ ಏನು ಪ್ರಗತಿಯಾಯಿತು ಎಂದು ಕೇಳಿಸಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ವರ್ಷ ಆ ಪುಟ ತೆಗೆದು ಮತ್ತೆ ಕೇಳಿ.