ಕೋರ್ಟಿಗೆ ಬರುವ ಮಗುವಿನ ಜೊತೆ ಯಾರಿರಬೇಕು?

ಐಹೊಳೆಯಂಥ ಊರಿನ ಹುಡುಗಿಯೊಬ್ಬಳು ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಸಾಕ್ಷಿ ಹೇಳಬೇಕಾದರೆ ಸುಮಾರು 35 ಕಿಲೋಮೀಟರ್ ದೂರದ ಬಾಗಲಕೋಟೆಗೆ ಹೋಗಬೇಕು. ಸಮನ್ಸ್‌ನಲ್ಲಿ ಬೆಳಿಗ್ಗೆ 11 ಗಂಟೆ ಎಂದಿರುತ್ತದೆ. ಹೆಸರು ಕೂಗುವುದು ಎಷ್ಟು ಹೊತ್ತಿಗೋ, ಅಂದೇ ಕೂಗುತ್ತಾರೋ ಮುಂದಿನ ಮುದ್ದತಿಗೆ ಹೋಗುತ್ತದೋ ಹೇಳುವವರಿಲ್ಲ. ಸಾಕ್ಷ್ಯ ನುಡಿಯುವಾಗ ಮಗುವಿಗೆ ಆರೋಪಿ ಎದುರಾಗಬಾರದೆಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 36ನೇ ಕಲಂ ಹೇಳುತ್ತದೆ. ಆದರೆ ಆ ರಕ್ಷಣೆ ಕೋರ್ಟ್ ಹಾಲ್‌ನ ಬಾಗಿಲಿನಿಂದ ಒಳಗೆ. ಹೊರಗಿನ ಬೆಂಚಿನ ಮೇಲೆ ಆರೋಪಿಯ ಅಣ್ಣ ಬಂದು ಕೂತರೆ, ಬಸ್ ನಿಲ್ದಾಣದಲ್ಲಿ ಊರ ಹಿರಿಯರೊಬ್ಬರು ತಂದೆಯನ್ನು ಪಕ್ಕಕ್ಕೆ ಕರೆದು ‘ಮನೆ ಮರ್ಯಾದೆ ನೋಡ್ಕೊ’ ಎಂದರೆ, ಅದನ್ನು ನ್ಯಾಯಾಧೀಶರಿಗೆ ತಿಳಿಸುವವರು ಯಾರು? ಎಷ್ಟೋ ಸಾಕ್ಷಿಗಳು ಪಾಟೀಸವಾಲಿಗಿಂತ ಮೊದಲೇ ಈ ಬೆಂಚಿನ ಮೇಲೆ ತಿರುಗಿಬೀಳುತ್ತಾರೆ.

ಆ ಹೊತ್ತಿಗೆಂದೇ ಕಾನೂನು ‘ಬೆಂಬಲ ವ್ಯಕ್ತಿ’ಯನ್ನು ಕೊಟ್ಟಿದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಈ ವ್ಯಕ್ತಿಯನ್ನು ನೇಮಿಸುತ್ತದೆ. ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆಗಿರುವುದು, ಪ್ರಕರಣ ಎಲ್ಲಿಗೆ ಬಂತೆಂದು ಮಗುವಿಗೆ ತಿಳಿಯುವ ಹಾಗೆ ಹೇಳುವುದು, ಅದರ ಹೆದರಿಕೆಗಳನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವುದು, ತಿಂಗಳಿಗೊಮ್ಮೆ ಸಮಿತಿಗೆ ವರದಿ ಕೊಡುವುದು ಇವರ ಕೆಲಸ. 2023ರ ಆಗಸ್ಟ್‌ನಲ್ಲಿ ‘ಬಚ್‌ಪನ್ ಬಚಾವೊ ಆಂದೋಲನ’ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ಪಾಲಕರ ವಿವೇಚನೆಗೆ ಬಿಡುವಂತಿಲ್ಲ, ಬೇಡವೆನ್ನುವುದಾದರೆ ಸಮಿತಿ ತಕ್ಕ ಕಾರಣ ಬರೆದಿಡಬೇಕು. ಕಾನೂನಿನಲ್ಲಿ ಕೊರತೆಯಿಲ್ಲ. ಬಾಗಲಕೋಟೆ ಜಿಲ್ಲೆಗೆ ಬೇಕಿರುವುದು ತಾಲ್ಲೂಕಿನಲ್ಲೇ ಸಿಗುವ, ತರಬೇತಿ ಪಡೆದ, ಓಡಾಟದ ಖರ್ಚಿಗೆ ಕೈಯಿಂದ ಹಾಕಿಕೊಳ್ಳಬೇಕಿಲ್ಲದ ಜನ. ಬಾಗಲಕೋಟೆಯ ನವನಗರದ ಕಚೇರಿಯಲ್ಲಿ ಕೂತ ಒಬ್ಬಿಬ್ಬರು ಇಳಕಲ್‌ನಿಂದ ಜಮಖಂಡಿವರೆಗಿನ ಮಕ್ಕಳ ಜೊತೆ ನಿಲ್ಲಲಾರರು.

ಹೆತ್ತವರಿರುವಾಗ ಹೊರಗಿನವರೇಕೆ ಎಂದು ಕೇಳುವವರಿದ್ದಾರೆ. ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷವರ್ಷವೂ ತೋರಿಸುತ್ತಿವೆ. ಆರೋಪಿ ಸೋದರಮಾವನೋ ಹೊಲದ ಒಡೆಯನೋ ಆಗಿದ್ದಾಗ ತಾಯಿಗೆ ಮಗಳೂ ಬೇಕು, ನಾಳೆಯ ಕೂಲಿಯೂ ಬೇಕು. ನಮ್ಮ ಭಾಗದ ದೊಡ್ಡ ಪಿಡುಗಾದ ಬಾಲ್ಯವಿವಾಹದಲ್ಲಂತೂ ಮದುವೆ ಮಾಡಿಕೊಟ್ಟ ತಂದೆ–ತಾಯಿಯೇ ಆರೋಪಿಗಳಾಗುವುದುಂಟು. ಆ ಹುಡುಗಿ ಯಾರ ಕೈ ಹಿಡಿದು ಕೋರ್ಟಿಗೆ ಹೋಗಬೇಕು? ಗುಳೆಯ ಮಾತೂ ಇದೆ. ಬಾದಾಮಿ, ಹುನಗುಂದದ ಕಡೆಯಿಂದ ದುಡಿಯಲು ಗೋವಾ, ಮಂಗಳೂರಿಗೆ ಹೋದ ಮನೆಯವರು ಮುದ್ದತಿನ ದಿನ ಸಿಗುವುದಿಲ್ಲ. ವಿಚಾರಣೆ ಆದಷ್ಟು ಒಂದು ವರ್ಷದೊಳಗೆ ಮುಗಿಯಬೇಕೆಂಬ ಕಾಯ್ದೆಯ ಆಶಯಕ್ಕೆ ಇಂಥ ಗೈರುಹಾಜರಿಯೂ ಪೆಟ್ಟು ಕೊಡುತ್ತದೆ. ಮಗು ಎಲ್ಲಿದೆ, ಯಾವಾಗ ಮರಳುತ್ತದೆ ಎಂದು ತಿಳಿದಿರುವ ಒಬ್ಬರಿದ್ದರೆ ದಿನಾಂಕವನ್ನು ಹೊಂದಿಸಿಕೊಳ್ಳಬಹುದು.

ಇದಕ್ಕಿಂತ ತೂಕದ ಆಕ್ಷೇಪ ವಕೀಲರದು: ಬೆಂಬಲದ ಹೆಸರಿನಲ್ಲಿ ಮಗುವಿಗೆ ಹೇಳಿಕೊಟ್ಟರೆ ಆರೋಪಿಯ ಗತಿಯೇನು? ಈ ಭಯ ಸುಳ್ಳಲ್ಲ. ಪೋಕ್ಸೊದ 29ನೇ ಕಲಂ ಆರೋಪಿಯ ವಿರುದ್ಧವೇ ಪೂರ್ವಭಾವನೆ ತಾಳುತ್ತದೆ; ಇಂಥ ಕಾಯ್ದೆಯಲ್ಲಿ ಸಾಕ್ಷ್ಯ ಶುದ್ಧವಾಗಿರಲೇಬೇಕು. ಹಾಗಾಗಿ ಬೆಂಬಲ ವ್ಯಕ್ತಿ ಘಟನೆಯ ವಿವರವನ್ನು ಮಗುವಿನೊಡನೆ ಚರ್ಚಿಸಕೂಡದು. ಕೋರ್ಟ್ ಹಾಲ್ ಹೇಗಿರುತ್ತದೆ, ಪ್ರಶ್ನೆ ಅರ್ಥವಾಗದಿದ್ದರೆ ‘ತಿಳೀಲಿಲ್ಲ’ ಎನ್ನಬಹುದು, ಬಾಯಾರಿದರೆ ನೀರು ಕೇಳಬಹುದು ಎನ್ನುವಷ್ಟಕ್ಕೆ ಅವರ ಮಾತು ನಿಲ್ಲಬೇಕು. ತರಬೇತಿಯ ಮೊದಲ ಪಾಠ ಇದೇ ಆಗಲಿ. ತರಬೇತಿಯಿಲ್ಲದ ನೆಂಟರು ದಾರಿಯುದ್ದಕ್ಕೂ ‘ಹೀಗೆ ಹೇಳು, ಹಾಗೆ ಹೇಳು’ ಎನ್ನುವುದರಿಂದಲೇ ಆರೋಪಿಗೆ ಹೆಚ್ಚು ಅನ್ಯಾಯ. ಇನ್ನು ಗುಟ್ಟಿನ ಪ್ರಶ್ನೆ. ಸಣ್ಣ ಊರಲ್ಲಿ ಯಾರು ಯಾರ ಮನೆಗೆ ಬಂದರು ಎಂಬುದು ಸಂಜೆಯೊಳಗೆ ಕಟ್ಟೆಯ ಮೇಲಿನ ಮಾತಾಗುತ್ತದೆ. ಐಹೊಳೆಯ ಮಗುವಿಗೆ ಐಹೊಳೆಯವರೇ ಬೇಡ. ಅದೇ ತಾಲ್ಲೂಕಿನ ಬೇರೆ ಊರಿನವರಿರಲಿ. ಮಗುವಿಗೆ ಅವರು ಹಿಡಿಸದಿದ್ದರೆ ಅವರನ್ನು ಬಿಡಿಸುವಂತೆ ಕೇಳುವ ಹಕ್ಕು ನಿಯಮದಲ್ಲೇ ಇದೆ. ಅದನ್ನು ಮಗುವಿಗೆ ಮೊದಲ ಭೇಟಿಯಲ್ಲೇ ಹೇಳಬೇಕು.

ಇಂಥ ಜನ ಎಲ್ಲಿಂದ ಬರಬೇಕು? ಅಮೆರಿಕದ ಸಿಯಾಟಲ್‌ನಲ್ಲಿ 1977ರಲ್ಲಿ ನ್ಯಾಯಾಧೀಶ ಡೇವಿಡ್ ಸೌಕಪ್ ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಟ್ಟು ಮಕ್ಕಳ ಪರವಾಗಿ ನ್ಯಾಯಾಲಯದಲ್ಲಿ ಮಾತಾಡುವ ಹೊಣೆ ವಹಿಸಿದರು; ಅದು ದೇಶವಿಡೀ ಹಬ್ಬಿತು. ನಮ್ಮಲ್ಲೂ ನಿವೃತ್ತ ಶಿಕ್ಷಕಿಯರು, ಸಮಾಜಕಾರ್ಯ ಓದಿದ ಯುವಜನ ಮುಂದೆ ಬಂದಾರು. ಆದರೆ ಸೇವಾಭಾವ ಅವರದಾದರೆ ಖರ್ಚು ಸರ್ಕಾರದ್ದಾಗಬೇಕು. ಇಂಥವರಿಗೆ ಹಣ ಕೊಡಲು ನಿಯಮದಲ್ಲೇ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಡಬೇಕಾದ ಬೆಂಬಲ ವ್ಯಕ್ತಿಗಳ ಪಟ್ಟಿಯನ್ನು ತಾಲ್ಲೂಕುವಾರು ಮಾಡಿ, ಬಸ್ ಚಾರ್ಜು, ದಿನದ ಭತ್ಯೆ ಆಯಾ ತಿಂಗಳೇ ಕೈಸೇರುವಂತೆ ನೋಡಿಕೊಳ್ಳಲಿ. ವಿಶೇಷ ನ್ಯಾಯಾಲಯ ಮೊದಲ ಮುದ್ದತಿನಲ್ಲೇ ‘ಈ ಮಗುವಿನ ಬೆಂಬಲ ವ್ಯಕ್ತಿ ಯಾರು’ ಎಂದು ಕೇಳಿ, ಉತ್ತರವನ್ನು ಕಡತದಲ್ಲಿ ಬರೆಸಲಿ.