ನಿಂತಲ್ಲೇ ಓಡಿದ ಕೈಗಾ

‘ರನ್’ ಎಂದರೇನು ಎಂದು ಕೇಳಿದರೆ ಎರಡನೆಯ ತರಗತಿಯ ಮಗುವೂ ‘ಓಡು’ ಎಂದೀತು. ತಪ್ಪೇನಿಲ್ಲ. ಆದರೆ ಈ ವಾಕ್ಯ ನೋಡಿ: ‘ಕೈಗಾ ಯೂನಿಟ್ ಒನ್ ರ‍್ಯಾನ್ ಫಾರ್ 962 ಡೇಸ್.’ ಕಾಳಿ ನದಿಯ ದಡದಲ್ಲಿ ಕಾಂಕ್ರೀಟಿನ ಬುಡ ಊರಿ ಕೂತ ಅಣುಸ್ಥಾವರ ಓಡುವುದಾದರೂ ಎಲ್ಲಿಗೆ?

ಇಂಗ್ಲಿಷಿನವರದು ಓಟ, ನಮ್ಮದು ನಡಿಗೆ. ಅವರ ಯಂತ್ರ, ಅಂಗಡಿ, ಶಾಲೆ ಎಲ್ಲವೂ ‘ರನ್’ ಆಗುತ್ತವೆ. ನಮ್ಮಲ್ಲಿ ಅವು ‘ನಡೆಯುತ್ತವೆ’. ಕಾರವಾರದತ್ತ ಕಾಳಿ ‘ರನ್ಸ್’ ಎಂದರೆ ಹರಿಯುತ್ತದೆ. ನೆಗಡಿಯಾದ ಮೂಗು ‘ರನ್ಸ್’ ಎಂದರೆ ಸುರಿಯುತ್ತದೆ. ಹೊಸ ಬಟ್ಟೆಯನ್ನು ನೀರಿಗೆ ಹಾಕಿದಾಗ ಬಣ್ಣ ಬಿಟ್ಟರೆ ಅದೂ ‘ರನ್’! ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ಈ ಒಂದು ಕ್ರಿಯಾಪದಕ್ಕೆ 645 ಅರ್ಥಗಳನ್ನು ವಿಂಗಡಿಸಿದ್ದಾರೆ. ಪೋಷಕರೇ, ದಯವಿಟ್ಟು ಅವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಬೇಡಿ. ಓಡುತ್ತಿರುವುದು ಯಾವುದು ಎಂದಷ್ಟೇ ಕೇಳಿ. ಹೊಂದುವ ಕನ್ನಡ ಮಾತು ತಾನಾಗಿ ಬರುತ್ತದೆ.

ನಿಜವಾದ ತೊಡಕು ಕಾಲದ್ದು. ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ ಎಡೆಬಿಡದೆ ನಡೆಯಿತು. ನಡೆಯುತ್ತಿರುವಾಗಲೇ ಇಂಧನ ಬದಲಿಸಬಹುದಾದ ಭಾರಜಲ ರಿಯಾಕ್ಟರ್ ಅದು. ನೈಸರ್ಗಿಕ ಯುರೇನಿಯಂ ಅದರ ಇಂಧನ, ಅಂದರೆ ‘ರನ್ಸ್ ಆನ್ ನ್ಯಾಚುರಲ್ ಯುರೇನಿಯಂ’. ‘ಯುರೇನಿಯಂನಿಂದ’ ಎಂಬುದನ್ನು ನೆನೆದು ಇಲ್ಲಿ ‘ಫ್ರಮ್’ ಹಾಕಬಾರದು. 2018ರ ಡಿಸೆಂಬರ್ 10ರಂದು ಅದು ಬ್ರಿಟನ್ನಿನ ಹೇಶಮ್ ಘಟಕದ 940 ದಿನಗಳ ದಾಖಲೆಯನ್ನು ಮುರಿಯಿತು. ಆ ದಿನ ಬರೆಯಬೇಕಾಗಿದ್ದುದು ‘ಹ್ಯಾಸ್ ಬೀನ್ ರನ್ನಿಂಗ್ ಸಿನ್ಸ್ ಮೇ 2016’ ಎಂದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ‘ಈಸ್ ರನ್ನಿಂಗ್ ಫ್ರಮ್ ಮೇ 2016’ ಎಂದು ಬರೆಯುತ್ತಾರೆ. ದಡ್ಡತನವಲ್ಲ ಅದು. ‘2016ರಿಂದ ನಡೆಯುತ್ತಿದೆ’ ಎಂಬ ಶುದ್ಧ ಕನ್ನಡವನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ದಾಟಿಸಿದ್ದಾರೆ, ಅಷ್ಟೆ. ಅಂದು ಶುರುವಾಗಿ ಇಂದಿಗೂ ಸಾಗಿರುವುದಕ್ಕೆ ನಮಗೆ ವರ್ತಮಾನಕಾಲ ಸಾಕು. ಅವರಿಗೆ ‘ಹ್ಯಾಸ್ ಬೀನ್’ ಬೇಕು.

ಡಿಸೆಂಬರ್ 31ರಂದು ಘಟಕವನ್ನು ನಿಲ್ಲಿಸಿದರು. ಕೂಡಲೇ ‘ಹ್ಯಾಸ್ ಬೀನ್’ ಹೋಯಿತು, ‘ರ‍್ಯಾನ್’ ಬಂತು. ಆರಂಭದ ದಿನ ಹೇಳುವ ‘ಸಿನ್ಸ್’ ಜಾಗಕ್ಕೆ ಅವಧಿ ಹೇಳುವ ‘ಫಾರ್’ ಬಂತು. ಮೇಲೆ ಕೊಟ್ಟ ವಾಕ್ಯ ಹುಟ್ಟಿದ್ದು ಹೀಗೆ.

ಇನ್ನೊಂದು ಎಚ್ಚರಿಕೆ, ಸಾಮಾನ್ಯ ಜ್ಞಾನದ ಪರೀಕ್ಷೆ ಬರೆಯುವವರಿಗೆ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಘಟಕ ಕೈಗಾವನ್ನು ಹಿಂದಿಕ್ಕಿತು. 2021ರ ಫೆಬ್ರುವರಿಯಲ್ಲಿ ನಿಲ್ಲುವಾಗ ಅದರ ಲೆಕ್ಕ 1106 ದಿನ. ಹಾಗಾಗಿ ವಿಶ್ವದಾಖಲೆಯ ಮಾತು ಬಂದಾಗ ಕೈಗಾಕ್ಕೆ ‘ಹೋಲ್ಡ್ಸ್’ ಅಲ್ಲ, ‘ಹೆಲ್ಡ್’.